ಗೂಡಿನ ದುಡ್ಡೂ ಎಕ್ಸಿಟ್ ಪೋಲೂ

ಮೊನ್ನೆ ಗೃಹಪ್ರವೇಶದಲ್ಲಿ ಸಿಕ್ಕಿದ ಯಳಂದೂರಿನ ಚಿಕ್ಕವ್ವ, "ಟೀವಿಲಿ ಸರ್ವೆ ಸರ್ವೆ ಅಂತಾರಲ್ಲ, ಅದ್ನ ನಂಬ್ಬೋದಾ ಮಗ?" ಅಂತ ಕೇಳಿದ್ರು. ಎಲೆ ಹಾಕೋ ಹೊತ್ತು, ಸರಿಯಾಗಿ ಹೇಳಕ್ಕಾಗ್ಲಿಲ್ಲ. ಅದ್ಕೇ ಇಲ್ಲಿ ಬರೀತಿದ್ದೀನಿ.

ನಾನು ಇದನ್ನ ದುಡ್ಡು ಕಳ್ಕೊಂಡು ಕಲ್ತವಳು. 2024ರ ಜೂನ್ 1, ಶನಿವಾರ ಸಾಯಂಕಾಲ ಲೋಕಸಭೆಯ ಎಕ್ಸಿಟ್ ಪೋಲ್ ಬಂತು. ಹೆಚ್ಚುಕಮ್ಮಿ ಎಲ್ಲಾ ಚಾನೆಲ್ಲೂ ಎನ್‌ಡಿಎಗೆ 350ರ ಮೇಲೆ ಅಂದ್ವು, 400 ಅಂದವೂ ಇದ್ವು. ನಮ್ಮನೆಯವ್ರು ಅದನ್ನೇ ಫಲಿತಾಂಶ ಅನ್ಕೊಂಡು ಬಾಜಿ ಕಟ್ಬುಟ್ರು. ಕಟ್ಟಿದ್ದು ಆ ವಾರ ಗೂಡು ಮಾರಿದ ದುಡ್ಡು. ರಾತ್ರಿ ಎದ್ದು ಎದ್ದು ಹುಳೀಗೆ ಸೊಪ್ಪು ಹಾಕಿದೋಳು ನಾನು, ನನ್ನ ಒಂದು ಮಾತು ಕೇಳ್ಲಿಲ್ಲ. ಜೂನ್ 4ಕ್ಕೆ ಬಂದಿದ್ದು 293. ಮಗಳ ಹಾಸ್ಟೆಲ್ ಫೀಸಿಗೆ ನನ್ನ ಓಲೆ ಅಡ ಹೋಯ್ತು.

"ಎಲ್ಲಾ ದುಡ್ಡು ತಗಂಡು ಹೇಳ್ತಾರ" ಅಂತ ಅವ್ರು ಬೈದ್ರು. ಅದನ್ನೂ ನಾನು ಒಪ್ಪಲ್ಲ. 2023ರ ವಿಧಾನಸಭೆಯಲ್ಲಿ ಆಕ್ಸಿಸ್ ಮೈ ಇಂಡಿಯಾದವ್ರು ಕಾಂಗ್ರೆಸ್ಸಿಗೆ 122ರಿಂದ 140 ಅಂದಿದ್ರು, 135 ಬಂತು. ಅದೇ ಸಾಯಂಕಾಲ ಇನ್ನೂ ಹಲವರು ಅತಂತ್ರ ಅಂತಿದ್ರು. ಅಂದ್ರೆ ಒಂದು ಸರ್ವೆ ನೋಡಿ ಕೈ ಹಾಕೋ ಕೆಲಸ ಅಲ್ಲ ಇದು.

ಐದು ಕೋಟಿ ಮತದಾರರಲ್ಲಿ ಕೆಲವು ಸಾವಿರ ಜನರನ್ನ ಕೇಳಿದ್ರೆ ಏನು ಗೊತ್ತಾದದು ಅಂತೀರಾ? ಗೊತ್ತಾಗುತ್ತೆ. ನಾವು ಒಂದಗುಳು ಹಿಸುಕಿ ಅನ್ನ ಬೆಂತು ಅನ್ನಲ್ವಾ? ಆದ್ರೆ ಹಿಟ್ಟನ್ನ ಸರಿಯಾಗಿ ತೊಳಸ್ದೆ ಮೇಲ್ಗಡೆ ಒಂಚೂರು ಬಾಯಿಗೆ ಹಾಕ್ಕೊಂಡ್ರೆ, ಒಳಗಿನ ಗಂಟು ಹಸಿಯಾಗಿರೋದು ತಿಳೀದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಅನ್ನೋ ಪತ್ರಿಕೆ ಒಂದು ಕೋಟಿ ಜನಕ್ಕೆ ಕಾರ್ಡು ಕಳಿಸ್ತು. ಇಪ್ಪತ್ತು ಲಕ್ಷದ ಮೇಲೆ ಉತ್ತರ ಬಂದ್ವು. ಲ್ಯಾಂಡನ್ ಗೆಲ್ತಾರೆ ಅಂತು. ರೂಸ್‌ವೆಲ್ಟ್ 48 ರಾಜ್ಯದಲ್ಲಿ 46 ಗೆದ್ರು! ವಿಳಾಸ ತಗೊಂಡಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಯಿಂದ. ಬಡವರು ಅದ್ರಲ್ಲಿ ಎಲ್ಲಿ? ಇಲ್ಲೂ ಅಷ್ಟೇ. ಕೊಳ್ಳೇಗಾಲದ ಬಸ್‌ ಸ್ಟ್ಯಾಂಡಲ್ಲಿ ನಿಂತು ಕೇಳಿ ಹೋದ್ರೆ, ಮಾದಪ್ಪನ ಬೆಟ್ಟದ ಸುತ್ತಿನ ಕಾಡೂರಿನ ಹೆಂಗಸ್ರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡು ಯಾರ ಲೆಕ್ಕಕ್ಕೆ?

ಸರಿಯಾಗಿ ಆರಿಸಿ ಸಾವಿರ ಜನರನ್ನ ಕೇಳಿದ್ರೂ ಸುಮಾರು ಶೇಕಡ 3 ಆ ಕಡೆ ಈ ಕಡೆ ಆಗುತ್ತೆ. ಪೈಪೋಟಿ ಬಿಗಿಯಾಗಿದ್ರೆ ಮುಗೀತು. ನಮ್ಮ ಸಂತೆಮರಹಳ್ಳೀಲಿ 2004ರಲ್ಲಿ ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಓಟು! ಯಾವ ಸರ್ವೆ ಹಿಡಿದಾದು ಅದನ್ನ? ಇನ್ನೊಂದು, ಓಟಿನ ಶೇಕಡವೇ ಸೀಟಲ್ಲ. 2018ರಲ್ಲಿ ಕಾಂಗ್ರೆಸ್ಸಿಗೆ ಶೇ. 38, ಬಿಜೆಪಿಗೆ 36. ಸೀಟು ಮಾತ್ರ 78, ಅವರಿಗೆ 104. ಟೀವಿಯವ್ರು ಶೇಕಡಾನ ಸೀಟು ಮಾಡುವಾಗ್ಲೇ ಎಡವೋದು ಜಾಸ್ತಿ ಅಂತ ನನ್ನ ಅನಿಸಿಕೆ.

ಆದ್ರೆ ನಂಗೆ ಎಲ್ಲಕ್ಕಿಂತ ಚುಚ್ಚೋದು ಬೇರೆ. ಆ ಎಲೆಕ್ಷನ್‌ಗೆ ಮುಂಚೆ ಟ್ಯಾಬ್ ಹಿಡ್ಕೊಂಡು ಒಬ್ಬ ಹುಡುಗ ನಮ್ಮ ಬೀದಿಗೂ ಬಂದಿದ್ದ. "ಮನೇಲಿ ಹೆಂಗಸ್ರು ಯಾರ್ಗ ಹಾಕ್ತಾರ?" ಅಂದ. ನಮ್ಮನೆಯವ್ರು ಜಗಲಿಯಿಂದಲೇ, "ನಮ್ಮದೆಲ್ಲ ಒಂದೇ ಕಣಪ್ಪ, ಬರ್ಕೊ" ಅಂದ್ರು. ನಾನು ಬಾಗಿಲ ಹಿಂದೆ ಮೊರ ಹಿಡ್ಕೊಂಡು ನಿಂತಿದ್ದೆ, ಬಾಯಿ ಬಿಡ್ಲಿಲ್ಲ. ಯಾರಿಗೆ ಹಾಕ್ದೆ ಅನ್ನೋದು ನನ್ನ ಹೊಟ್ಟೇಲೇ ಇರ್ಲಿ, ಅವರು ಬರೆಸಿದ್ದಂತೂ ಅಲ್ಲ. ನಮ್ಮಲ್ಲಿ ಎಷ್ಟು ಮನೇಲಿ ಹಿಂಗೇ ಆಗಿದ್ದದು ನೀವೇ ಎಣಿಸಿ. ಬಾಗಿಲಿಗೆ ಬಂದೋರಿಗೆಲ್ಲ "ನಿಮ್ಗೇ ಕಣಪ್ಪ" ಅನ್ನೋರೂ ನಾವೇ, ಆಮೇಲೆ ಸರ್ವೆ ಸುಳ್ಳು ಅನ್ನೋರೂ ನಾವೇ.

ಮುಂದಿನ ಸಲ ಅಂಥವರು ಬಂದ್ರೆ ನೀವೇ ಹೊರಗೆ ಬನ್ರವ್ವ. ಹೇಳೋದಾದ್ರೆ ನಿಮ್ಮದನ್ನ ನೀವೇ ಹೇಳಿ. ಇಷ್ಟ ಇಲ್ದಿದ್ರೆ "ನಾನು ಹೇಳಲ್ಲ" ಅನ್ನಿ, ಅದೂ ಉತ್ತರವೇ. ನಿಮ್ಮ ಪರವಾಗಿ ಇನ್ನೊಬ್ಬರು ಬರೆಸೋದು ಬೇಡ.

ಓಲೆ ಬಿಡಿಸ್ಕೊಂಡಾಯ್ತು, ಚಿಕ್ಕವ್ವ. ಗೂಡಿನ ದುಡ್ಡು ಈಗ ನನ್ನ ಪಾಸ್‌ಬುಕ್ಕಿಗೇ ಬೀಳೋದು.