ಹೊಸ್ತಿಲಿನಾಚೆಯ ಹಿಂಸೆ

ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸಿ, ಒಲೆ ಆರಿಸಿ, ಮರುದಿನದ ನೀರನ್ನು ಬಟ್ಟೆಯಲ್ಲಿ ಸೋಸಿಟ್ಟ ಶ್ರಾವಕನ ಮನೆಯಲ್ಲಿ ಆ ದಿನದ ಅಹಿಂಸಾವ್ರತವು ಸಾಂಗವಾಗಿ ನೆರವೇರಿತೆಂದು ಎಲ್ಲರೂ ಭಾವಿಸುತ್ತಾರೆ. ಅದೇ ಹೊತ್ತಿಗೆ ಅದೇ ಮನೆಯಿಂದ ಒಂದು ಪ್ಲಾಸ್ಟಿಕ್ ಚೀಲ ಹೊರಬರುತ್ತದೆ. ಉಳಿದ ಅನ್ನ, ತರಕಾರಿ ಸಿಪ್ಪೆ, ಹಾಲಿನ ಪೊಟ್ಟಣ, ಮುಸುರೆ ಎಲ್ಲವೂ ಅದರಲ್ಲಿ ಒಂದಾಗಿರುತ್ತವೆ. ಬೀದಿಯ ಮೂಲೆಯಲ್ಲಿ ಬಿದ್ದ ಆ ಚೀಲವು ಕಸದ ಗಾಡಿ ಬರುವ ಮುಂಜಾವಿನವರೆಗೆ ಅಲ್ಲಿಯೇ ಇರುತ್ತದೆ. ರಾತ್ರಿಭೋಜನವನ್ನು ತ್ಯಜಿಸಿದ ಮನೆಯೇ ಊರಿನ ನಾಯಿಗೂ ಹಂದಿಗೂ ರಾತ್ರಿಭೋಜನವನ್ನು ಬಡಿಸಿಟ್ಟು ಮಲಗುತ್ತದೆ. ಈ ವಿಪರ್ಯಾಸವನ್ನು ಸಮಾಜವು ಇನ್ನೆಷ್ಟು ಕಾಲ ಕಾಣದಂತೆ ಇರಬೇಕು?

ಇದು ಕೇವಲ ನೈರ್ಮಲ್ಯದ ಪ್ರಶ್ನೆಯೆಂದು ತಳ್ಳಿಹಾಕುವವರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಇತ್ತೀಚಿನ ಚರಿತ್ರೆಯನ್ನು ನೆನೆಯಬೇಕು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗಿನ ಮೂರು ತಿಂಗಳೊಳಗೆ ಆ ಒಂದೇ ತಾಲ್ಲೂಕಿನಲ್ಲಿ ನಾಲ್ವರು ಚಿರತೆಯ ದಾಳಿಗೆ ಬಲಿಯಾದರು. ಅವರಲ್ಲಿ ಕಾಲೇಜು ವಿದ್ಯಾರ್ಥಿಯಿದ್ದನು, ಯುವತಿಯಿದ್ದಳು, ವೃದ್ಧೆಯಿದ್ದಳು, ಬಾಲಕನೂ ಇದ್ದನು. ಜನರ ಆಕ್ರೋಶ ಸಹಜವಾಗಿಯೇ ಮುಗಿಲು ಮುಟ್ಟಿತು. ಬೋನುಗಳು ಬಂದವು, ಗುಂಡಿಕ್ಕುವ ಆದೇಶವೂ ಹೊರಬಿತ್ತು, ಅರಣ್ಯ ಇಲಾಖೆಯು ಚಿರತೆ ಕಾರ್ಯಪಡೆಯನ್ನು ರಚಿಸಿತು. ಪಕ್ಕದ ನಂಜನಗೂಡು ತಾಲ್ಲೂಕಿನ ಕಾಡಂಚಿನಲ್ಲಿ 2023ರ ನವೆಂಬರಿನಲ್ಲಿ ಹುಲಿಯಿಂದ ಓರ್ವ ಮಹಿಳೆಯ ಪ್ರಾಣ ಹೋಯಿತು.

ಈ ಸಾವುಗಳಿಗೆಲ್ಲ ಪೇಟೆಯ ಕಸವೇ ಕಾರಣವೆಂದು ಹೇಳುವುದು ಸತ್ಯವ್ರತಕ್ಕೆ ವಿರುದ್ಧವಾದೀತು. ಅವು ಹಳ್ಳಿಗಳಲ್ಲಿ, ಹೊಲ-ಗುಡ್ಡಗಳ ಅಂಚಿನಲ್ಲಿ ಸಂಭವಿಸಿದವು. ಕಾವೇರಿ-ಕಪಿಲೆಯರ ನಾಲೆಗಳು ಹರಿದಲ್ಲೆಲ್ಲ ಆಳೆತ್ತರಕ್ಕೆ ಬೆಳೆದು ನಿಲ್ಲುವ ಕಬ್ಬಿನ ಗದ್ದೆಗಳು ಚಿರತೆಗೆ ಅಡಗುದಾಣವನ್ನು ಒದಗಿಸಿವೆ. ಮರಿ ಹಾಕುವುದಕ್ಕೂ ಅದು ಕಾಡಿಗೆ ಮರಳಬೇಕಾಗಿಲ್ಲ. ಆದರೆ ಅಡಗಲು ಸ್ಥಳವಿದ್ದ ಮಾತ್ರಕ್ಕೆ ಪ್ರಾಣಿ ನೆಲೆ ನಿಲ್ಲುವುದಿಲ್ಲ. ಅದಕ್ಕೆ ಆಹಾರವೂ ಬೇಕು. ಆ ಆಹಾರವನ್ನು ಸಾಕಿ ಕೊಡುತ್ತಿರುವವರು ಯಾರು?

ಇಲ್ಲಿ ಸಸ್ಯಾಹಾರಿ ಸಮಾಜಕ್ಕೆ ಬಲು ಪ್ರಿಯವಾದ ಒಂದು ಉತ್ತರ ಸಿದ್ಧವಾಗಿದೆ. “ಚಿರತೆ ಬರುವುದು ಕೋಳಿ ಅಂಗಡಿಯವರು ಎಸೆಯುವ ಮಾಂಸಕ್ಕೆ. ಬಾಳೆಹಣ್ಣಿನ ಸಿಪ್ಪೆಗೆ, ಅನ್ನ-ಸಾರಿಗೆ ಚಿರತೆ ಬರುವುದುಂಟೇ?” ಮಾಂಸದ ತ್ಯಾಜ್ಯವನ್ನು ರಸ್ತೆಬದಿಯಲ್ಲಿ ಸುರಿಯುವುದು ಘೋರ ಅಪರಾಧವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಉತ್ತರ ಅರ್ಧಸತ್ಯ. ಅನ್ನಕ್ಕೆ ಚಿರತೆ ಬರುವುದಿಲ್ಲ, ನಾಯಿ ಬರುತ್ತದೆ. ಸಿಪ್ಪೆಗೆ ಚಿರತೆ ಬರುವುದಿಲ್ಲ, ಹಂದಿ ಬರುತ್ತದೆ. ಆ ನಾಯಿ-ಹಂದಿಗಳಿಗಾಗಿ ಚಿರತೆ ಬರುತ್ತದೆ. ಮಹಾರಾಷ್ಟ್ರದ ಅಕೋಲೆ ಪ್ರದೇಶದ ಕೃಷಿಭೂಮಿಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆಗಳನ್ನು ಪರೀಕ್ಷಿಸಿ ನೋಡಿದಾಗ, ಅದು ತಿಂದ ಬೇಟೆಯ ತೂಕದಲ್ಲಿ ಶೇಕಡಾ 87ರಷ್ಟು ಸಾಕುಪ್ರಾಣಿಗಳೇ ಆಗಿದ್ದವು. ನಾಯಿಯೊಂದರ ಪಾಲೇ ಶೇಕಡಾ 39. ಸಸ್ಯಾಹಾರದ ಅಡಿಗೆಮನೆಯಿಂದ ಹೊರಟ ಒಂದು ಹಿಡಿ ಅನ್ನವು ಎರಡು ಹೆಜ್ಜೆಗಳಲ್ಲಿ ಮಾಂಸಾಹಾರವಾಗಿ ಪರಿಣಮಿಸುವ ಕ್ರಮ ಇದು. ಎಸೆದ ಕೈ ಶುದ್ಧವಾಗಿದೆಯೆಂದು ತೃಪ್ತಿಪಡುವುದು ಆತ್ಮವಂಚನೆ.

“ಹಾಗಿದ್ದರೆ ಚಿರತೆಯನ್ನು ಹಿಡಿದು ದೂರದ ಕಾಡಿಗೆ ಬಿಡಲಿ” ಎಂಬುದು ಎರಡನೆಯ ಉತ್ತರ. ಕೇಳಲು ಕರುಣೆಯಂತೆಯೇ ಇದೆ. ಮಹಾರಾಷ್ಟ್ರದ ಜುನ್ನರದಲ್ಲಿ 2001ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಲಾಯಿತು. ಮನುಷ್ಯರ ಮೇಲಿನ ದಾಳಿಗಳು ವರ್ಷಕ್ಕೆ ಸರಾಸರಿ 4 ಇದ್ದುದು 17ಕ್ಕೆ ಏರಿದವು. ನೆಲೆ ತಪ್ಪಿದ, ಬೋನಿನಲ್ಲಿ ನೊಂದ ಪ್ರಾಣಿಯನ್ನು ಪರರ ಊರಿನ ಬಾಗಿಲಲ್ಲಿ ಬಿಟ್ಟುಬರುವುದು ಕರುಣೆಯಲ್ಲ. ಇತ್ತ ತೆರವಾದ ಜಾಗದಲ್ಲಿ ನಾಯಿಗಳ ಹಿಂಡು ಹಾಗೆಯೇ ಇದ್ದರೆ, ಮತ್ತೊಂದು ಚಿರತೆ ಬಾರದಿರಲು ಕಾರಣವೇನಿದೆ? ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಕರಡಿಗಳು ದಶಕಗಳ ಕಾಲ ಕಸದ ಗುಂಡಿಗಳನ್ನೇ ನೆಚ್ಚಿ ಬದುಕಿದ್ದವು. 1970ರ ಸುಮಾರಿಗೆ ಆ ಗುಂಡಿಗಳನ್ನು ಮುಚ್ಚಿದಾಗ ಅವು ಜನವಸತಿಯತ್ತ ನುಗ್ಗಿ, ಅನೇಕವು ಕೊಲ್ಲಲ್ಪಟ್ಟವು. ಎಸೆಯುವವನ ಆಲಸ್ಯಕ್ಕೆ ಬೆಲೆ ತೆರುವುದು ಕೊನೆಗೆ ಆ ಮೂಕಪ್ರಾಣಿಯೇ.

ಜೈನಶಾಸ್ತ್ರವು ಈ ವಿಷಯದಲ್ಲಿ ಮೌನವಾಗಿದೆಯೇ? ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ದೇಹದ ಮಲವನ್ನು ತ್ಯಜಿಸುವಾಗಲೂ ಜೀವರಹಿತವಾದ ಸ್ಥಳವನ್ನು ನೋಡಿ, ಯಾವ ಪ್ರಾಣಿಗೂ ಬಾಧೆಯಾಗದಂತೆ ತ್ಯಜಿಸಬೇಕೆಂಬ ನಿಯಮವದು. ನಡೆಯುವುದಕ್ಕೆ, ನುಡಿಯುವುದಕ್ಕೆ, ಉಣ್ಣುವುದಕ್ಕೆ ಎಷ್ಟು ಎಚ್ಚರ ಬೇಕೋ ಬಿಸಾಡುವುದಕ್ಕೂ ಅಷ್ಟೇ ಎಚ್ಚರ ಬೇಕೆಂದು ವಿಧಿಸಿದ ಧರ್ಮವಿದು. ಶ್ರಾವಕನಿಗೆ ಅಷ್ಟು ಕಠಿಣ ನಿಯಮವಿಲ್ಲವೆನ್ನುವವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ತೆರೆಯಲಿ. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳಿಗೆ ನಿಷ್ಪ್ರಯೋಜಕವಾಗಿ ನೋವುಂಟುಮಾಡುವ ನಡೆ ಅದು. ಕಸವನ್ನು ಬೀದಿಯಲ್ಲಿ ಸುಡುವುದು, ಕಪಿಲೆಯ ದಡಕ್ಕೆ ಸುರಿಯುವುದು, ಖಾಲಿ ನಿವೇಶನಕ್ಕೆ ಎಸೆಯುವುದು ಇವು ಪ್ರಮಾದಚರ್ಯೆಯಲ್ಲದೆ ಮತ್ತೇನು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲು ಹಿಡಿದಿದ್ದಾರೆಂಬುದನ್ನು ಯಾರೂ ಮರೆಯಬಾರದು.

ಇನ್ನು ಕೆಲವರ ಆಕ್ಷೇಪ ಶ್ರದ್ಧೆಯಿಂದಲೇ ಹುಟ್ಟಿದ್ದು. ಹಸಿಕಸವನ್ನು ಮನೆಯಲ್ಲಿ ಮುಚ್ಚಿಟ್ಟರೆ, ಗೊಬ್ಬರದ ಗುಂಡಿ ಮಾಡಿದರೆ, ಅದರಲ್ಲಿ ಅಸಂಖ್ಯ ಸಂಮೂರ್ಛನ ಜೀವಿಗಳು ಹುಟ್ಟುವುದಿಲ್ಲವೇ ಎಂಬುದು ಅವರ ಕಳವಳ. ಗೌರವಿಸಬೇಕಾದ ಕಳವಳವೇ ಸರಿ. ಆದರೆ ಆ ಕಸ ಬೀದಿಯಲ್ಲಿದ್ದರೂ ಕೊಳೆಯುತ್ತದೆ, ಅಲ್ಲಿಯೂ ಅವೇ ಜೀವಿಗಳು ಹುಟ್ಟುತ್ತವೆ. ಮೇಲಾಗಿ ಕಾಲ್ತುಳಿತಕ್ಕೂ ಚಕ್ರಕ್ಕೂ ಬೆಂಕಿಗೂ ಸಿಕ್ಕಿ ಸಾಯುತ್ತವೆ, ಪ್ಲಾಸ್ಟಿಕ್ ಸಮೇತ ಹಸುವಿನ ಹೊಟ್ಟೆಯನ್ನೂ ಸೇರುತ್ತವೆ. ಕಣ್ಣಿಗೆ ಮರೆಯಾದೊಡನೆ ಹಿಂಸೆ ಇಲ್ಲವಾಗುವುದಿಲ್ಲ. ನಿಜವಾದ ಪರಿಹಾರವು ಕಸದ ಉತ್ಪತ್ತಿಯನ್ನೇ ಕಡಿಮೆ ಮಾಡುವುದು. ಬೇಕಾದಷ್ಟನ್ನೇ ಬೇಯಿಸಿ, ಬಡಿಸಿಕೊಂಡಷ್ಟನ್ನೂ ಉಣ್ಣುವ ಮನೆಯಲ್ಲಿ ಎಸೆಯುವ ಅನ್ನವೇ ಇರುವುದಿಲ್ಲ. ಪರಿಗ್ರಹಪರಿಮಾಣವು ತಟ್ಟೆಯಿಂದಲೇ ಆರಂಭವಾಗಲಿ.

“ಹಸಿದ ನಾಯಿಗೆ, ಕೋತಿಗೆ ಅನ್ನವಿಕ್ಕದಿರುವುದು ಅನ್ನಪಾನನಿರೋಧವೆಂಬ ಅತಿಚಾರವಲ್ಲವೇ?” ಎಂದು ಕೇಳುವವರೂ ಉಂಟು. ಆ ಅತಿಚಾರವು ತನ್ನ ವಶದಲ್ಲಿರುವ, ತನ್ನನ್ನೇ ಆಶ್ರಯಿಸಿದ ಪ್ರಾಣಿಗೆ ಆಹಾರವನ್ನು ತಡೆದವನಿಗೆ ಸಲ್ಲುವಂಥದು. ನಾಯಿಯನ್ನು ಪೋಷಿಸಬೇಕೆನ್ನುವವನು ಅದರ ಪೂರ್ಣ ಹೊಣೆಯನ್ನು ಹೊರಲಿ. ಚುಚ್ಚುಮದ್ದು, ಸಂತಾನಹರಣ ಚಿಕಿತ್ಸೆ, ರಾತ್ರಿಯ ಆಶ್ರಯ ಎಲ್ಲವನ್ನೂ ಒದಗಿಸಲಿ. ಎಂಜಲೆಲೆಯನ್ನು ಬೀದಿಗೆ ಎಸೆದು ಅದಕ್ಕೆ ದಾನವೆಂದು ಹೆಸರಿಡುವುದು ದಾನಕ್ಕೆ ಮಾಡುವ ಅವಮಾನ.

ಬಸದಿಗಳ ವಿಶ್ವಸ್ತ ಮಂಡಳಿಗಳ ಹೊಣೆಯಂತೂ ಗೃಹಸ್ಥನದಕ್ಕಿಂತ ಹಿರಿದು. ಒಂದು ಆರಾಧನೆ, ಒಂದು ರಥೋತ್ಸವದ ಅನ್ನಸಂತರ್ಪಣೆ ಮುಗಿದ ಸಂಜೆ ಪ್ರಾಕಾರದ ಹಿಂಬದಿಯಲ್ಲಿ ಬಿದ್ದಿರುವ ಎಲೆಯ ರಾಶಿಯನ್ನು ಮಂಡಳಿಯ ಅಧ್ಯಕ್ಷರು ಸ್ವತಃ ಹೋಗಿ ನೋಡಬೇಕು. ಸಂತರ್ಪಣೆಯ ವೆಚ್ಚದಲ್ಲಿಯೇ ಕಸ ವಿಲೇವಾರಿಗೂ ಒಂದು ಪಾಲು ಇರಬೇಕು. ಎಲೆಗಳು ಅಂದೇ, ಕತ್ತಲಾಗುವ ಮುನ್ನವೇ, ಮುಚ್ಚಳವುಳ್ಳ ಗೊಬ್ಬರದ ಗುಂಡಿ ಸೇರಬೇಕು. ಪ್ಲಾಸ್ಟಿಕ್ ಲೋಟ-ಚೀಲಗಳಿಗೆ ಬಸದಿಯ ದ್ವಾರದಲ್ಲಿಯೇ ತಡೆಯಾಗಬೇಕು. ಕೋತಿಗಳಿಗೆ ಹಣ್ಣು ಎಸೆಯುವುದನ್ನು ನಿಲ್ಲಿಸಬೇಕು. ಹಸಿ, ಒಣ, ಅಪಾಯಕಾರಿ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಸರ್ಕಾರ ಹೇಳಿದ ಮೇಲೆಯೂ ಮಾಡದ ಸಮಾಜವು ಆಚಾರ್ಯರು ಶತಮಾನಗಳ ಹಿಂದೆ ಹೇಳಿದ್ದನ್ನು ಪಾಲಿಸುತ್ತಿದೆಯೆಂದು ಹೇಗೆ ಹೆಮ್ಮೆಪಡಬಲ್ಲದು?

ಗೃಹಸ್ಥನಿಗೆ ಬೇಕಾದುದು ಭದ್ರವಾದ ಮುಚ್ಚಳದ ಒಂದು ಡಬ್ಬಿ ಮತ್ತು ಒಂದು ಸಂಕಲ್ಪ. ಕಸವನ್ನು ರಾತ್ರಿ ಹೊರಗಿಡದೆ, ಬೆಳಿಗ್ಗೆ ಪೌರಕಾರ್ಮಿಕರು ಬಂದಾಗ ಅವರ ಗಾಡಿಗೇ ಬೇರ್ಪಡಿಸಿ ಕೊಡುವುದು; ಇಷ್ಟೇ. ಉಪವಾಸ, ರಸತ್ಯಾಗಗಳನ್ನು ನಿಷ್ಠೆಯಿಂದ ನಡೆಸುವವರಿಗೆ ಇದು ಕಷ್ಟದ ವ್ರತವೇ?

ಗಂಗರಸರ ತಲಕಾಡು ಇರುವುದು ಇದೇ ನರಸೀಪುರ ತಾಲ್ಲೂಕಿನಲ್ಲಿ. ಪೂಜ್ಯಪಾದರ ನೆನಪಿನ ಕನಕಗಿರಿಯೂ ಇಲ್ಲಿಂದ ಬಹು ದೂರವಿಲ್ಲ. ಇಂತಹ ನೆಲದಲ್ಲಿ ಬದುಕುವ ಜೈನ ಕುಟುಂಬಗಳು ಈ ಚಾತುರ್ಮಾಸದಲ್ಲಿ ನಿಯಮಗಳನ್ನು ಕೈಗೊಳ್ಳುವಾಗ, ತಿನ್ನುವುದರ ಪಟ್ಟಿಯ ಜೊತೆಗೆ ಎಸೆಯುವುದರ ಪಟ್ಟಿಯನ್ನೂ ಬರೆದುಕೊಳ್ಳಲಿ. ಗದ್ದೆಯಂಚಿನ ಮನೆಯ ಮಗುವಿನ ಪ್ರಾಣವೂ ಬೋನಿನೊಳಗಿನ ಚಿರತೆಯ ಪ್ರಾಣವೂ ಆ ಎಚ್ಚರವನ್ನು ಬೇಡುತ್ತಿವೆ.