ಎರಡು ಕರೆಂಟು ಕೂಡದಿರಲಿ

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲುವಿನಲ್ಲಿ ಲಾಂಚ್ ಕಾಯುವುದು ತಪ್ಪಿತು, ಕರೆಂಟು ಕಾಯುವುದು ತಪ್ಪಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಾಡಿಗೆಲ್ಲ ಬೆಳಕು ಹೋಯಿತು. ಅದಕ್ಕಾಗಿ ಗದ್ದೆ, ತೋಟ ಮುಳುಗಿಸಿಕೊಂಡ ಸೀಮೆಯಲ್ಲಿ ಮಳೆಗಾಲದ ಗಾಳಿಗೆ ಲೈನ್ ಮೇಲೆ ಒಂದು ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ತುಮರಿ, ಬ್ಯಾಕೋಡಿನ ಮನೆಗಳಿಗೆ ಸೋಲಾರ್ ಇನ್‌ವರ್ಟರ್ ಶೋಕಿಯಲ್ಲ, ಅಗತ್ಯ.

ಪಿಎಂ ಸೂರ್ಯಘರ್ ಸಹಾಯಧನ ನಂಬಿ ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್ ಹಾಕಿಸಿದರೆ ಲೈನ್ ಹೋದ ಕೂಡಲೇ ಅದೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್ ಉಳಿಯಲೆಂದೇ ಅದನ್ನು ಹಾಗೆ ಮಾಡಿರುವುದು. ನಮ್ಮ ಕಡೆಗೆ ಬೇಕಾದದ್ದು ಬ್ಯಾಟರಿಯದ್ದೇ: ಬಿಸಿಲಿದ್ದಾಗ ಪ್ಯಾನೆಲಿನಿಂದ, ಮೋಡ ಕವಿದಾಗ ವಿದ್ಯುತ್ ಕಂಪನಿ ಮೆಸ್ಕಾಂನ ಲೈನಿನಿಂದ ಚಾರ್ಜ್ ಆಗಬೇಕು. ಈ ಲೈನನ್ನೂ ಇನ್‌ವರ್ಟರನ್ನೂ ಮನೆಗೆ ಜೋಡಿಸುವಲ್ಲೇ ಎಡವಟ್ಟಾಗುತ್ತದೆ.

ಒಂದು ಮನೆಯಲ್ಲಿ ಕಣ್ಣಾರೆ ಕಂಡದ್ದು ಹೇಳುತ್ತೇನೆ. ವೈರಿನ ಎರಡೂ ತುದಿಗೆ ಮೂರು ಪಿನ್ನಿನ ಪ್ಲಗ್. ಒಂದು ಇನ್‌ವರ್ಟರಿನ ಔಟ್‌ಪುಟ್ಟಿಗೆ, ಇನ್ನೊಂದು ಜಗಲಿಯ ಸಾಕೆಟ್ಟಿಗೆ. ಇಡೀ ಮನೆಗೆ ಬೆಳಕೇನೋ ಬಂತು. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಅದೇ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಸಪ್ಲೈ ಇಲ್ಲವೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿದವರ ಕೈಗೆ 230 ವೋಲ್ಟ್! ಪ್ಲಗ್ ಕಳಚಿ ಬಿದ್ದರೆ ಆಡುವ ಮಗುವಿನ ಕೈಗೂ ಅಷ್ಟೇ.

ಹಾಗಾಗದಿರಲು ಮೇನ್ ಬೋರ್ಡಿನಿಂದ ಇನ್‌ವರ್ಟರಿನ ಇನ್‌ಪುಟ್ಟಿಗೆ ಪ್ರತ್ಯೇಕ ಎಂಸಿಬಿ ಇರಲಿ. ಔಟ್‌ಪುಟ್ ಇನ್ನೊಂದು ಸಣ್ಣ ಡಿಸ್ಟ್ರಿಬ್ಯೂಷನ್ ಬೋರ್ಡಿಗೆ (ಡಿಬಿ) ಹೋಗಿ, ಅಲ್ಲಿಂದ ದೀಪ, ಫ್ಯಾನು, ವೈಫೈಗೆ ಮಾತ್ರ ಸಾಗಲಿ. ಎಷ್ಟೋ ಎಲೆಕ್ಟ್ರಿಷಿಯನ್‌ಗಳು ಫೇಸ್ ಬೇರೆ ಮಾಡಿ ನ್ಯೂಟ್ರಲನ್ನು ಒಂದೇ ಕಡೆ ಕಟ್ಟಿಬಿಡುತ್ತಾರೆ. ಆಗ ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಪದೇಪದೇ ಟ್ರಿಪ್ ಆಗುತ್ತದೆ, ಬೇಸತ್ತ ಮನೆಯವರು ಅದನ್ನೇ ತೆಗೆಸುತ್ತಾರೆ. ಗೋಡೆಯೆಲ್ಲ ಒದ್ದೆಯಾಗುವ ಮಲೆನಾಡಿನಲ್ಲಿ ಜೀವ ಉಳಿಸುವ ಸಾಧನವದು. ಇನ್‌ವರ್ಟರ್ ಕೆಟ್ಟಾಗ ನೇರ ಲೈನ್ ಬೇಕಿದ್ದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ತಿರುಗಿಸುವ ಡಬಲ್ ಪೋಲ್ ಚೇಂಜ್‌ಓವರ್ ಹಾಕಿಸಿ.

ಲೈನ್ ಇದ್ದಾಗ ಇನ್‌ಪುಟ್ ವೈರು ಆ ಡಿಬಿಯ ಲೋಡು, ಚಾರ್ಜಿಂಗ್ ಎರಡನ್ನೂ ಹೊರಬೇಕು. 24 ವೋಲ್ಟಿನ ಬ್ಯಾಟರಿಗೆ 30 ಆಂಪಿಯರ್ ಇಟ್ಟರೆ ಚಾರ್ಜಿಂಗಿಗೇ ಸುಮಾರು 900 ವಾಟ್ ಬೇಕು. 150 ಎಎಚ್ ಲೆಡ್ ಆಸಿಡ್ ಬ್ಯಾಟರಿಗೆ 15 ಆಂಪಿಯರ್ ಸಾಕು. ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಫ್ಯೂಸ್ ಇರಲಿ. ಪ್ಯಾನೆಲಿನ ವೈರಿಗೆ ಡಿಸಿ ಎಂಸಿಬಿಯೇ ಆಗಬೇಕು. ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ಬೇಗ ಆರುತ್ತದೆ, ಡಿಸಿಯದ್ದು ಹೊತ್ತಿಕೊಂಡೇ ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಅದನ್ನು ಒಲೆ, ದೇವರ ದೀಪದ ಹತ್ತಿರ ಇಡಬೇಡಿ.

ಮೆಸ್ಕಾಂಗೆ ಒಂದು ಮನವಿ. ಮೀಟರ್ ರೀಡರ್ ಹೇಗೂ ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ; ಇನ್‌ವರ್ಟರ್ ಇರುವ ಮನೆಗಳನ್ನು ಗುರುತು ಹಾಕಿಕೊಳ್ಳಲಿ. ಮಳೆಗಾಲಕ್ಕೆ ಮೊದಲು ಮೇನ್ ಆಫ್ ಮಾಡಿ, ಇನ್‌ವರ್ಟರ್ ಆನ್ ಇಟ್ಟು, ಇನ್‌ಪುಟ್ ಎಂಸಿಬಿಯಲ್ಲಿ ಮಲ್ಟಿಮೀಟರ್ ಹಿಡಿದು ನೋಡಲಿ. ಅಲ್ಲಿ ವೋಲ್ಟೇಜ್ ಕಂಡರೆ ಸರಿಪಡಿಸುವ ತನಕ ಆ ಇನ್‌ವರ್ಟರನ್ನು ಬಳಸಲು ಬಿಡಬಾರದು.