ಕುಂಬಾರನ ಕತ್ತೆ ಮತ್ತು ಇಂಗ್ಲಿಷ್ ಮಾಧ್ಯಮ

ಹೊರನಾಡಿನ ಕನ್ನಡ ಸಂಘಗಳ ಸಭೆಗಳಲ್ಲಿ ಕನ್ನಡ ಶಾಲೆಯ ಪ್ರಸ್ತಾಪ ಬಂದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಬರುತ್ತದೆ: 'ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಮುಂದೆ ಬಂದಿದ್ದಾರೆ, ಕನ್ನಡ ಮಾಧ್ಯಮದವರು ಹಿಂದೆ ಉಳಿದಿದ್ದಾರೆ. ಇದಕ್ಕಿಂತ ಬೇರೆ ಪುರಾವೆ ಏನು ಬೇಕು?' ಹೀಗೆನ್ನುವವರು ಅವಿದ್ಯಾವಂತರಲ್ಲ. ಬ್ಯಾಂಕು, ರೈಲ್ವೆ, ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿದವರು. ಲೆಕ್ಕಪತ್ರದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ಕಾರಣ ಕೇಳದೆ ಬಿಡದವರು. ಅಂಥವರೇ ಮಕ್ಕಳ ಶಿಕ್ಷಣದ ವಿಷಯದಲ್ಲಿ ಕಾರಣವನ್ನು ಹುಡುಕುವ ಗೋಜಿಗೆ ಹೋಗದಿರುವುದು ಸೋಜಿಗ. ಆ ವಾದ ಪೊಳ್ಳು; ಆ ಪೊಳ್ಳು ವಾದಕ್ಕೆ ನಾವು ನಮ್ಮ ಶಾಲೆಗಳನ್ನು ಬಲಿಗೊಡುತ್ತಿದ್ದೇವೆ.

ಎರಡು ಸಂಗತಿಗಳು ಒಟ್ಟಿಗೆ ಕಾಣಿಸಿಕೊಳ್ಳುವುದು ಬೇರೆ, ಒಂದು ಇನ್ನೊಂದಕ್ಕೆ ಕಾರಣವಾಗುವುದು ಬೇರೆ. ಸಮಾಜವಿಜ್ಞಾನಿಗಳು ಮೊದಲನೆಯದನ್ನು ಸಹಸಂಬಂಧವೆಂದೂ ಎರಡನೆಯದನ್ನು ಕಾರ್ಯಕಾರಣ ಸಂಬಂಧವೆಂದೂ ಕರೆಯುತ್ತಾರೆ. ಈ ವಿವೇಕವನ್ನು ನಾವು ಪಶ್ಚಿಮದಿಂದ ಎರವಲು ತರಬೇಕಾಗಿಲ್ಲ. ಮಣ್ಣು ಹೊತ್ತು ತಂದ ಕತ್ತೆ ಕುಂಬಾರನ ಅಂಗಳದಲ್ಲಿ ನಿಂತಿದೆಯೆಂದ ಮಾತ್ರಕ್ಕೆ ಅದು ಮಡಕೆಗೆ ಕಾರಣವಾಗದೆಂದು ನಮ್ಮ ನೈಯಾಯಿಕರು ಶತಮಾನಗಳ ಹಿಂದೆಯೇ ಹೇಳಿ, ಅದನ್ನು 'ಅನ್ಯಥಾಸಿದ್ಧ'ಗಳ ಸಾಲಿಗೆ ಸೇರಿಸಿ ಬದಿಗಿಟ್ಟರು. ಕತ್ತೆ ಇಲ್ಲದಿದ್ದರೆ ಮಣ್ಣು ಗಾಡಿಯಲ್ಲಿ ಬಂದೀತು. ಮಡಕೆ ಆಗಿಯೇ ತೀರೀತು. ಒಂದನ್ನು ಕಾರಣವೆನ್ನಬೇಕಾದರೆ, ಅದು ಇದ್ದಾಗ ಕಾರ್ಯ ಉಂಟಾಗುತ್ತದೆಂಬ ಅನ್ವಯ ಮಾತ್ರ ಸಾಲದು. ಅದಿಲ್ಲದಾಗ ಕಾರ್ಯವೂ ಇಲ್ಲವೆಂಬ ವ್ಯತಿರೇಕವೂ ಬೇಕು. ನಮ್ಮ ಸಭೆಗಳ ವಾದದಲ್ಲಿ ಅನ್ವಯ ಧಾರಾಳವಾಗಿದೆ. ವ್ಯತಿರೇಕದ ಸುಳಿವೇ ಇಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ ಇದು: ಯಾವ ಶಾಲೆಗೆ ಯಾರ ಮಕ್ಕಳು ಹೋಗುತ್ತಾರೆ? ಮುಂಬಯಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಅಲ್ಲಿಗೆ ಬರುವವರು ಹೆಚ್ಚಾಗಿ ದುಡಿದುಣ್ಣುವವರ ಮಕ್ಕಳು. ಅಧಿಕಾರಿಯ, ಎಂಜಿನಿಯರನ, ಹೋಟೆಲು ಮಾಲೀಕನ ಮಗು ಅಲ್ಲಿಗೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಒಂದು ಮಗುವಿಗೆ ಓದಿದ ತಾಯಿ, ಓದಲೊಂದು ಕೋಣೆ, ಸಂಜೆಯ ಟ್ಯೂಷನ್ನು, ಹೊತ್ತು ಹೊತ್ತಿಗೆ ಊಟ. ಇನ್ನೊಂದಕ್ಕೆ ಇವು ಯಾವುವೂ ಇಲ್ಲ. ಹತ್ತು ವರ್ಷಗಳ ನಂತರ ಇಬ್ಬರ ಅಂಕಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು 'ನೋಡಿ, ಮಾಧ್ಯಮದ ಮಹಿಮೆ' ಎನ್ನುವುದು ಯಾವ ನ್ಯಾಯ? ನಾವು ಅಳೆದದ್ದು ತಂದೆತಾಯಿಗಳ ಸ್ಥಿತಿಗತಿಯನ್ನು; ಹೆಸರು ಕೊಟ್ಟದ್ದು ಮಾತ್ರ ಮಾಧ್ಯಮದ್ದು.

ಇದು ಬರಿಯ ತರ್ಕವಲ್ಲ, ಪರೀಕ್ಷೆಗೆ ಒಳಪಟ್ಟ ಸಂಗತಿ. ಅವಿಭಜಿತ ಆಂಧ್ರಪ್ರದೇಶದ 5 ಜಿಲ್ಲೆಗಳ 180 ಹಳ್ಳಿಗಳಲ್ಲಿ 2008ರಿಂದ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶಗಳನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದರು. ಸರ್ಕಾರಿ ಶಾಲೆಯ ಮಕ್ಕಳಿಗೆ ಖಾಸಗಿ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರಗಳ ವೆಚ್ಚ ಭರಿಸುವ ಯೋಜನೆ ಅದು. ಅರ್ಜಿ ಹಾಕಿದ ಪೋಷಕರೆಲ್ಲರೂ ಖಾಸಗಿ ಶಾಲೆಯನ್ನು ಬಯಸಿದವರೇ. ಯಾರಿಗೆ ನೆರವು ಸಿಗಬೇಕೆಂಬುದನ್ನು ನಿರ್ಧರಿಸಿದ್ದು ಲಾಟರಿ ಚೀಟಿ. ಆದ್ದರಿಂದ ಚೀಟಿ ಬಂದವರಿಗೂ ಬಾರದವರಿಗೂ ನಡುವಣ ವ್ಯತ್ಯಾಸ ಅದೃಷ್ಟವೊಂದೇ. ಮನೆಯ ಸಂಸ್ಕಾರವಾಗಲಿ ಹಣವಾಗಲಿ ಆಸೆಯಾಗಲಿ ಅಲ್ಲ. ಸಾಮಾನ್ಯ ಸಮೀಕ್ಷೆಗೆ ಸಿಗದ ವ್ಯತಿರೇಕ ಹೀಗೆ ಕೈಗೆ ಸಿಕ್ಕಿತು.

ಫಲಿತಾಂಶವೇನು? ಎರಡು ವರ್ಷಗಳ ನಂತರವೂ ನಾಲ್ಕು ವರ್ಷಗಳ ನಂತರವೂ ತೆಲುಗು, ಗಣಿತಗಳಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ವಿಜ್ಞಾನ, ಸಮಾಜಪಾಠಗಳಲ್ಲಿ ಇರಲಿಲ್ಲ. ಇಂಗ್ಲಿಷಿನಲ್ಲಿ ಕೂಡ ಇರಲಿಲ್ಲ! ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಗೆ ಹೋದವರು ಮುಂದಿದ್ದರು; ಏಕೆಂದರೆ ಆ ಶಾಲೆಗಳು ಹಿಂದಿಗೆ ಹೆಚ್ಚು ಸಮಯ ಕೊಟ್ಟಿದ್ದವು. ಸಾಮಾನ್ಯ ಹೋಲಿಕೆಯಲ್ಲಿ ಖಾಸಗಿ ಶಾಲೆಯ ಪರವಾಗಿ ಕಾಣುತ್ತಿದ್ದ ದೊಡ್ಡ ಅಂತರ ಬಹುಪಾಲು ಮಕ್ಕಳ ಹಿನ್ನೆಲೆಯದೇ ಆಗಿತ್ತು.

ಈ ಅಧ್ಯಯನವನ್ನು ನಮಗೆ ಬೇಕಾದಷ್ಟೇ ಓದುವುದು ಅಪ್ರಾಮಾಣಿಕತೆಯಾದೀತು. ಆ ಖಾಸಗಿ ಶಾಲೆಗಳೆಲ್ಲ ಇಂಗ್ಲಿಷ್ ಮಾಧ್ಯಮದವಲ್ಲ. ತೆಲುಗು ಮಾಧ್ಯಮದವೂ ಇದ್ದವು. ಸರ್ಕಾರಿ ಶಾಲೆಯ ತಲಾ ವೆಚ್ಚದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಹಣದಲ್ಲಿ ಅವು ಅದೇ ಫಲ ಕೊಟ್ಟವೆಂಬುದೂ ನಿಜ. ಹಾಗೆಯೇ, ಇಂಗ್ಲಿಷಿನ ಜ್ಞಾನಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿದೆ ಎಂಬುದನ್ನು ಅಲ್ಲಗಳೆಯುವವನು ಮೂಢ. 2005ರ ರಾಷ್ಟ್ರವ್ಯಾಪಿ ಸಮೀಕ್ಷೆಯೊಂದನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಯಸ್ಸು, ವಿದ್ಯಾಭ್ಯಾಸ, ಸಾಮಾಜಿಕ ಹಿನ್ನೆಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ನಿರರ್ಗಳವಾಗಿ ಇಂಗ್ಲಿಷ್ ಮಾತನಾಡುವ ಪುರುಷರ ಗಂಟೆಯ ಗಳಿಕೆ ಇಂಗ್ಲಿಷ್ ಬಾರದವರದಕ್ಕಿಂತ ಶೇ. 34ರಷ್ಟು ಹೆಚ್ಚು. ಆದರೆ ಅದು ಇಂಗ್ಲಿಷನ್ನು ಬಲ್ಲವರ ಲೆಕ್ಕ; ಒಂದನೆಯ ತರಗತಿಯಿಂದ ಗಣಿತವನ್ನೂ ಪರಿಸರ ಪಾಠವನ್ನೂ ಇಂಗ್ಲಿಷಿನಲ್ಲಿ ಉರು ಹೊಡೆದವರ ಲೆಕ್ಕವಲ್ಲ. ಭಾಷೆಯನ್ನು ಕಲಿಯುವುದೂ ಭಾಷೆಯ ಮೂಲಕ ಕಲಿಯುವುದೂ ಒಂದೇ ಎಂದು ಭಾವಿಸಿದಲ್ಲೇ ಕತ್ತೆ ಮತ್ತೆ ಅಂಗಳಕ್ಕೆ ಬಂದು ನಿಲ್ಲುತ್ತದೆ.

ಇನ್ನು ಕನ್ನಡಾಭಿಮಾನಿಗಳು ಬೆನ್ನು ತಟ್ಟಿಕೊಳ್ಳುವ ಮುನ್ನ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಹೋಟೆಲಿನಲ್ಲಿ ದುಡಿಯುತ್ತ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಉದ್ಯಮಿಗಳಾದವರನ್ನು ಹೆಸರಿಸಿ 'ಕನ್ನಡ ಮಾಧ್ಯಮವೇ ಯಶಸ್ಸಿನ ಗುಟ್ಟು' ಎನ್ನುತ್ತೇವೆ. ಅದೇ ಬೆಂಚಿನಲ್ಲಿ ಕುಳಿತು, ಓದು ಮುಗಿಸಲಾಗದೆ ಕೊನೆಯವರೆಗೂ ತಟ್ಟೆ ತೊಳೆದವರ ಭಾವಚಿತ್ರ ಯಾವ ಸ್ಮರಣ ಸಂಚಿಕೆಯಲ್ಲೂ ಅಚ್ಚಾಗುವುದಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಇನ್ನೊಂದು ಅಂಕಿಯನ್ನು ಝಳಪಿಸುತ್ತೇವೆ: ದೇಶದ ಜನಸಂಖ್ಯೆಯಲ್ಲಿ ಕನ್ನಡ ನುಡಿವವರ ಪಾಲು 2001ರಲ್ಲಿ ಶೇ. 3.69 ಇದ್ದದ್ದು 2011ರಲ್ಲಿ ಶೇ. 3.61ಕ್ಕೆ ಇಳಿಯಿತು, ಇಂಗ್ಲಿಷ್ ಶಾಲೆಗಳು ಕನ್ನಡವನ್ನು ತಿಂದವು! ವಾಸ್ತವದಲ್ಲಿ ಆ ಹತ್ತು ವರ್ಷಗಳಲ್ಲಿ ಕನ್ನಡಿಗರು 3.79 ಕೋಟಿಯಿಂದ 4.37 ಕೋಟಿಗೆ, ಅಂದರೆ ಸುಮಾರು ಶೇ. 15ರಷ್ಟು ಬೆಳೆದರು, ಕರ್ನಾಟಕದ ಜನಸಂಖ್ಯೆ ಬೆಳೆದದ್ದೂ ಹೆಚ್ಚುಕಡಿಮೆ ಅಷ್ಟೇ. ಅದೇ ಅವಧಿಯಲ್ಲಿ ಬಿಹಾರ ಶೇ. 25ರಷ್ಟು ಬೆಳೆಯಿತು. ನಮ್ಮ ಪಾಲು ಕುಗ್ಗಿದ್ದರ ಮುಖ್ಯ ಕಾರಣ ನಮ್ಮ ಮನೆಗಳಲ್ಲಿ ಮಕ್ಕಳು ಕಡಿಮೆಯಾದದ್ದು. ಮೂರು ದಶಕ ಕಡತಗಳ ನಡುವೆ ಕಳೆದವನಾಗಿ ಹೇಳುತ್ತೇನೆ: ಅಂಕಿಅಂಶ ಸುಳ್ಳು ಹೇಳುವುದು ಅಪರೂಪ, ಅದರ ಕೆಳಗೆ ಬರೆಯುವ ಟಿಪ್ಪಣಿ ಸುಳ್ಳು ಹೇಳುವುದೇ ಹೆಚ್ಚು.

ಇಂಥ ಟಿಪ್ಪಣಿಗಳ ಪೆಟ್ಟು ಎಂಥದೆಂದು ಹೊರನಾಡ ಕನ್ನಡಿಗರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. 1960ರ ದಶಕದಲ್ಲಿ ಮುಂಬಯಿಯ 'ಮಾರ್ಮಿಕ್' ವಾರಪತ್ರಿಕೆ ಕಚೇರಿಗಳಲ್ಲಿದ್ದ ಪರಪ್ರಾಂತೀಯರ ಹೆಸರುಗಳ ಪಟ್ಟಿಗಳನ್ನು ಪ್ರಕಟಿಸಿತು. ಇತ್ತ ದಕ್ಷಿಣದವರಿಗೆ ನೌಕರಿ ಇದೆ, ಅತ್ತ ಮರಾಠಿ ಯುವಕನಿಗೆ ಇಲ್ಲ. ಆದ್ದರಿಂದ ಇವರೇ ಅದಕ್ಕೆ ಕಾರಣ! 1966ರಲ್ಲಿ ಶಿವಸೇನೆ ಹುಟ್ಟಿದ್ದು ಈ ತರ್ಕದ ಬೆನ್ನೇರಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕಾರಣ ಕಂಡುಹಿಡಿಯುವ ಆ ವಿದ್ಯೆಯನ್ನು ಅಂದು ಅನ್ಯಾಯವೆಂದ ನಾವು, ಇಂದು ನಮ್ಮ ನುಡಿಯ ಮೇಲೆ ನಾವೇ ಪ್ರಯೋಗಿಸುತ್ತಿಲ್ಲವೇ?

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತ ಬಂದಿದೆ. ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ, ಆಯ್ಕೆ ಪೋಷಕರದು ಎಂದು ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪ್ರಕರಣದಲ್ಲಿ 2014ರಲ್ಲಿ ತೀರ್ಪಿತ್ತಿತು. ಆಯ್ಕೆ ನಮ್ಮದೇ ಎಂದಾದ ಮೇಲೆ ಆಲೋಚನೆಯ ಹೊಣೆಯೂ ನಮ್ಮದೇ. ಇನ್ನು ಮುಂದೆ ಯಾವುದೇ ಸಂಘ ತನ್ನ ಕನ್ನಡ ಶಾಲೆಗೆ ಬೀಗ ಹಾಕುವ ನಿರ್ಣಯ ಮಾಡುವ ಮುನ್ನ ಸಮಾನ ಸ್ಥಿತಿಯ ಮನೆಗಳಿಂದ ಬಂದ ಮಕ್ಕಳನ್ನೇ ಹೋಲಿಸಿ ನೋಡಲಿ. ಇಂಗ್ಲಿಷ್ ಬೇಕೆಂದರೆ ಒಳ್ಳೆಯ ಇಂಗ್ಲಿಷ್ ಶಿಕ್ಷಕರನ್ನು ಕನ್ನಡ ಶಾಲೆಗೇ ತರಲಿ. ಆ ಮೇಲೂ ಶಾಲೆ ನಿಲ್ಲದಿದ್ದರೆ ಮುಚ್ಚುವ ದುಃಖವನ್ನು ಒಪ್ಪಿಕೊಳ್ಳೋಣ. ಆದರೆ ಕತ್ತೆಯನ್ನು ಕಂಡು ಮಡಕೆಯ ಲೆಕ್ಕ ಬರೆದು, ಆ ಲೆಕ್ಕವನ್ನು ನಂಬಿ ಚಕ್ರವನ್ನೇ ಮುರಿಯುವುದು ಬೇಡ.